ಒಂಬತ್ತನೇ ಮನೆಗೆ ನಲವತ್ತು ಹೆಜ್ಜೆ

ಕಾಂಪೌಂಡ್ ಗೋಡೆ ಕಟ್ಟೋದೇ ಬೇಡ. ಜನ ಓಡಾಡಿದ ಕಡೆ ತಾನಾಗೇ ದಾರಿಯಾಗಲಿ, ಓಡಾಡದ ಕಡೆ ತಾನಾಗೇ ಬೇಲಿ ಬೆಳೆಯಲಿ. ಹಾಗೆ ಮಾಡಿದರೆ ಏನಾಗುತ್ತೆ?

ಈ ಪ್ರಶ್ನೆ ಕೇಳಿದವಳು ನಾನೇ. ಯಾರೂ ನನ್ನ ಕುತ್ತಿಗೆ ಹಿಡಿದು ಕೇಳಿಸಲಿಲ್ಲ. ಶಾಂಭವಿ ಅಂತ ನನ್ನ ಹೆಸರು. ಮನೆಗಳ ಸುತ್ತ ತೋಟ ಹೇಗಿರಬೇಕು, ದಾರಿ ಎಲ್ಲಿ ಹೋಗಬೇಕು ಅಂತ ನಕ್ಷೆ ಹಾಕೋದು ಇಪ್ಪತ್ತೆರಡು ವರ್ಷದಿಂದ ನನ್ನ ಕಸುಬು. ತುಮಕೂರಿನ ಹೊರಗೆ ಹನ್ನೆರಡೇ ಮನೆಯ ಸಣ್ಣ ಬಡಾವಣೆ ಮಾಡ್ತೀವಿ, ಎಲ್ಲರಿಗೂ ಸೇರಿ ಒಂದೇ ತೋಟ ಇರಬೇಕು, ಎಲ್ಲೂ ಇಲ್ಲದ್ದು ಏನಾದರೂ ಮಾಡಿಕೊಡಿ ಅಂತ ಕಂಪನಿಯವರು ಬಂದಾಗ ನನಗೆ ಗೋಡೆಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿದ್ದ ಕಾಲ. ಇಷ್ಟಗಲ ಸೈಟು, ಅದಕ್ಕೆ ಆರಡಿ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು. ಪಕ್ಕದ ಮನೆಯವರ ಹೆಸರು ಗೊತ್ತಾಗೋದು ಅವರ ಕೊರಿಯರ್ ತಪ್ಪಿ ನಮ್ಮನೆಗೆ ಬಂದಾಗ. ಥೂ, ಇದೂ ಒಂದು ಬಾಳೇ ಅಂತ ಎಷ್ಟು ಮೀಟಿಂಗಿನಲ್ಲಿ ಭಾಷಣ ಬಿಗಿದಿದ್ದೇನೋ ನನಗೇ ಲೆಕ್ಕವಿಲ್ಲ.

ಆಗ ಸಿಕ್ಕಿದ್ದು ಡಾಕ್ಟರ್ ತಿಪ್ಪೇಸ್ವಾಮಿ. ಸಸ್ಯವಿಜ್ಞಾನಿ. ಹರಿದ ಚಪ್ಪಲಿ ಹಾಕಿಕೊಂಡು ಲ್ಯಾಬಿನ ತುಂಬ ಹುಲ್ಲು ಬೆಳೆಸಿಕೊಂಡಿದ್ದ ಮನುಷ್ಯ. ನನ್ನನ್ನು ಎರಡು ತಟ್ಟೆಗಳ ಮುಂದೆ ನಿಲ್ಲಿಸಿದರು. ಒಂದರಲ್ಲಿ ನಮ್ಮ ಪೂಜೆಯ ಗರಿಕೆಯಂಥದ್ದೇ ಹುಲ್ಲು, ಬೆರಳುದ್ದ, ಮೆತ್ತಗೆ. ಇನ್ನೊಂದರಲ್ಲಿ ಎದೆಮಟ್ಟ ಪೊದೆ, ಕಾಂಡ ಗಟ್ಟಿ ಕಟ್ಟಿಗೆ, ಕೈ ತೂರಿಸೋಕೂ ಸಂದಿಲ್ಲ.

"ಎರಡೂ ಒಂದೇ ಬೀಜ ಮೇಡಂ," ಅಂದರು.

"ತಮಾಷೆ ಮಾಡ್ತೀರಾ?"

"ಇಲ್ಲಪ್ಪ. ಮುಟ್ಟಿದ್ದು ಎಲ್ಲ ಗಿಡಕ್ಕೂ ಗೊತ್ತಾಗುತ್ತೆ. ದಿನಾ ಸವರಿದ ಗಿಡ ಕುಳ್ಳಗೆ ಉಳಿಯುತ್ತೆ, ಮುಟ್ಟದೇ ಬಿಟ್ಟಿದ್ದು ಎತ್ತರ ಹೋಗುತ್ತೆ. ಆ ಗುಣಾನ ನಾನು ಸ್ವಲ್ಪ ಜೋರು ಮಾಡಿದ್ದೀನಿ, ಅಷ್ಟೇ. ದಿನಕ್ಕೆ ಹತ್ತು ಸಲ ಕಾಲು ಬಿದ್ರೆ ಇದು ಹುಲ್ಲು. ಕಾಲು ಬೀಳದೇ ಇಪ್ಪತ್ತೊಂದು ದಿನ ಕಳೆದ್ರೆ ಬೇಲಿ. ಆಮೇಲೆ ಆನೆ ತುಳಿದ್ರೂ ಮಲಗಲ್ಲ, ಕೊಡಲಿನೇ ಬೇಕು."

ಅದಕ್ಕೆ ಹೆಜ್ಜೆಗರಿಕೆ ಅಂತ ಹೆಸರಿಟ್ಟವಳೂ ನಾನೇ.

ನಕ್ಷೆ ಹೀಗಿತ್ತು. ನಡುವೆ ಒಂದು ಹೊಂಗೆಮರ, ಅದರ ಸುತ್ತ ಕಟ್ಟೆ. ಕಟ್ಟೆಯಿಂದ ಗಾಡಿಚಕ್ರದ ಹಾಗೆ ಹನ್ನೆರಡು ದಾರಿ, ಹನ್ನೆರಡು ಮನೆಯ ಜಗಲಿಗೆ. ಪ್ರತಿ ದಾರಿಯೂ ಸರಿಯಾಗಿ ನಲವತ್ತು ಹೆಜ್ಜೆ. ಕಾರು, ಸ್ಕೂಟರು ಎಲ್ಲ ಮನೆಗಳ ಹಿಂದುಗಡೆ ರಸ್ತೆಯಲ್ಲಿ. ಕಟ್ಟೆಯ ಪಕ್ಕದಲ್ಲಿ ಒಂದೇ ಕೋಣೆಯ ಕಂಟ್ರೋಲ್ ರೂಮು. ಯಾವ ದಾರಿಯಲ್ಲಿ ಎಷ್ಟು ಹೆಜ್ಜೆ ಬಿತ್ತು ಅಂತ ಅಲ್ಲಿನ ಪರದೆಯ ಮೇಲೆ ಕಾಣುತ್ತಿತ್ತು. ಹಸಿರು ಅಂದರೆ ಓಡಾಟ ಚೆನ್ನಾಗಿದೆ, ಹಳದಿ ಅಂದರೆ ಕಡಿಮೆ, ಕೆಂಪು ಅಂದರೆ ಬೇಲಿ ಎದ್ದಾಯಿತು. ಹುಲ್ಲು ಚಿಕ್ಕದಿದ್ದಾಗ, ಜನ ಇನ್ನೂ ಬಂದಿಲ್ಲದ ಮೊದಲ ಮೂರು ತಿಂಗಳು, ದಾರಿ ಅಂದರೆ ಇದು ಅಂತ ಅದಕ್ಕೆ ಕಲಿಸಬೇಕಲ್ಲ? ಅದಕ್ಕೆ ಮಣ್ಣಿನಡಿ ಪುಟ್ಟ ಪುಟ್ಟ ಮೋಟಾರು ಹೂತಿದ್ದೆವು. ಮೊಬೈಲ್ ಗುರುಗುಟ್ಟುತ್ತದಲ್ಲ, ಅದೇ ಜಾತಿ, ಸ್ವಲ್ಪ ದೊಡ್ಡದು. ಅವು ನಡೆದಾಡಿದ ಹಾಗೆ ನೆಲ ತಟ್ಟುತ್ತಿದ್ದವು.

"ಗಿಡಕ್ಕೆ ಕಾಲೂ ಒಂದೇ, ಮೋಟಾರೂ ಒಂದೇ. ಪಾಪ, ಅದು ನಂಬಿಬಿಡುತ್ತೆ. ಜನ ಬಂದ ಮೇಲೆ ಆಫ್ ಮಾಡೋದು ಮರೀಬೇಡಿ," ಅಂದಿದ್ದರು ತಿಪ್ಪೇಸ್ವಾಮಿ.

ಆಫ್ ಮಾಡಿದೆ. ಮನೆಗಳು ಮಾರಾಟವಾದವು. ನಾಲ್ಕನೆಯದನ್ನು ನಾನೇ ತಗೊಂಡು ಅಮ್ಮನನ್ನು ಕರೆದುಕೊಂಡು ಬಂದೆ. ಮೂರನೇ ಮನೆಯ ಉಮಾಪತಿ ಸಂಘದ ಅಧ್ಯಕ್ಷರಾದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು, ಎಲ್ಲದಕ್ಕೂ ಠರಾವು ಮಾಡಬೇಕು ಅವರಿಗೆ. ಮೊದಲ ಸಭೆಯಲ್ಲೇ ಎದ್ದು ನಿಂತು, "ಕೆಲಸದವರು, ಹಾಲಿನವರು, ಪಾರ್ಸಲ್ ತರೋರು ಎಲ್ಲ ಹಿಂದುಗಡೆ ರಸ್ತೆಯಿಂದ್ಲೇ ಬರ್ಲಿ. ಅವರ ಹೆಜ್ಜೇನೂ ಸೇರಿಬಿಟ್ರೆ ನಮ್ಮ ನಮ್ಮ ಒಡನಾಟ ಎಷ್ಟು ಅಂತ ಹೆಂಗೆ ಗೊತ್ತಾಗುತ್ತೆ?" ಅಂದರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಲೆಕ್ಕ ಶುದ್ಧವಾಗಿರುತ್ತೆ ಅಂತ ಅನ್ನಿಸಿತು, ಸತ್ಯವಾಗಿ ಅಷ್ಟೇ ಅನ್ನಿಸಿದ್ದು.

ಒಂಬತ್ತನೇ ಮನೆಗೆ ಬಂದವರು ಹನುಮಕ್ಕ. ದೊಡ್ಡಾಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ ನರ್ಸಾಗಿ ಇದ್ದು, ಕೊನೆಗೆ ನರ್ಸುಗಳಿಗೆಲ್ಲ ಮೇಲಿನವರಾಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಒಬ್ಬರೇ. ಊರಲ್ಲಿ ಅರ್ಧ ಜನರನ್ನು ಹುಟ್ಟಿದ ಕೂಡಲೇ ಎತ್ತಿಕೊಂಡಿದ್ದು ಅವರೇ. ಎಲ್ಲರೂ ಸಿಸ್ಟರ್ ಅಂತಲೇ ಕರೆಯೋದು. ಗೃಹಪ್ರವೇಶದ ದಿನ ಜಗಲಿಯಲ್ಲಿ ನಿಂತು ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಮೇಡಂ, ಇದೇ ಊರಲ್ಲಿ ನಮ್ಮಪ್ಪ ಮುನಿಸಿಪಾಲ್ಟಿ ಕಸದ ಗಾಡಿ ತಳ್ತಿದ್ರು. ನಾನು ಬಾಡಿಗೆ ಮನೆ ಕೇಳೋಕೆ ಹೋದಾಗೆಲ್ಲ ಬೋರ್ಡು ತೂಗ್ತಿದ್ರೂ ಮನೆ ಖಾಲಿ ಇಲ್ಲ ಅಂತಿದ್ರು. ಗೋಡೆ ಇಲ್ಲದ ಮನೆಗಳು ಅಂತ ನಿಮ್ಮ ಜಾಹೀರಾತು ನೋಡಿದ್ನಲ್ಲ, ಅವತ್ತೇ ತೀರ್ಮಾನ ಮಾಡಿಬಿಟ್ಟೆ. ನಾಲ್ಕು ಜನ ನನ್ನ ಮನೆಗೆ ಬಂದು ಹೋಗ್ಬೇಕು. ನನಗೆ ಅಷ್ಟು ಸಾಕು."

ಅದನ್ನು ಅವರು ಮೆಲ್ಲಗೆ ಹೇಳಲಿಲ್ಲ. ಎಲ್ಲರಿಗೂ ಕೇಳಿಸಿತು. ಕೇಳಿಸಿದ್ದೇ ತಡ, ಹತ್ತನೇ ಮನೆಯ ವಾರಿಜ ವಾಚು ನೋಡಿಕೊಂಡಳು.

ಅಡುಗೆಗೆ ಭಟ್ಟರನ್ನೇ ಕರೆಸಿದ್ದರು, ಯಾರಿಗೂ ಮುಜುಗರ ಆಗೋದು ಬೇಡ ಅಂತ. ಹೋಳಿಗೆ, ಚಿತ್ರಾನ್ನ, ಮಜ್ಜಿಗೆಹುಳಿ. ಹನ್ನೊಂದು ಮನೆಯವರೂ ಬಂದರು, ಬರಲಿಲ್ಲ ಅಂತ ಹೇಳೋ ಹಾಗಿಲ್ಲ. ಕುಂಕುಮ ತಗೊಂಡರು, ತೆಂಗಿನಕಾಯಿ ತಗೊಂಡರು, ಟೈಲ್ಸು ಚೆನ್ನಾಗಿದೆ ಅಂದರು. ಎಲೆ ಹಾಕ್ತೀನಿ ಬನ್ನಿ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅಯ್ಯೋ, ಈಗ ತಾನೇ ಆಯ್ತು ಸಿಸ್ಟರ್." ಹನ್ನೊಂದು ಮನೆಯಲ್ಲೂ ಅವತ್ತು ಹನ್ನೊಂದೂವರೆಗೇ ಊಟ ಆಗಿತ್ತಂತೆ! ನನಗೂ ಆಗಿತ್ತು. ನಿಜವಾಗ್ಲೂ ಆಗಿತ್ತು, ಕೆಲಸದ ಜಾಗದಲ್ಲಿ ಡಬ್ಬಿ ತಿಂದೇ ಹೋಗಿದ್ದೆ. ಭಟ್ಟರು ಪಾತ್ರೆಗಟ್ಟಲೆ ಅನ್ನ ಆಟೋದಲ್ಲಿ ತುಂಬಿಕೊಂಡು ಹೋದರು.

ಹಾಗಂತ ಸಿಸ್ಟರ್ ಬೇಡವಾಗಿದ್ದರಾ? ಛೆ ಛೆ, ಎಲ್ಲಾದರೂ ಉಂಟೆ. ಉಮಾಪತಿಯವರ ಹೆಂಡತಿಗೆ ಇನ್ಸುಲಿನ್ ಚುಚ್ಚೋಕೆ ಸಿಸ್ಟರ್ ಬೇಕು. ವಾರಿಜಳ ಮಾವನಿಗೆ ಬಿಪಿ ನೋಡೋಕೆ ಸಿಸ್ಟರ್ ಬೇಕು. ನಮ್ಮಮ್ಮನ ಕಾಲಿನ ಗಾಯಕ್ಕೆ ವಾರಗಟ್ಟಲೆ ಬ್ಯಾಂಡೇಜ್ ಕಟ್ಟಿದ್ದೂ ಅವರೇ. ಬೇಗ ಬರಲಿ ಅಂತ ಅವರನ್ನು ಹಿಂದುಗಡೆ ರಸ್ತೆಯಿಂದಲೇ ಕರೆಯೋದು ರೂಢಿಯಾಯಿತು. ಹೊರಡುವಾಗ ಸಿಸ್ಟರ್, "ನಮ್ಮನೆಗೂ ಬನ್ನಿ ಒಂದ್ಸಲ," ಅನ್ನೋರು. "ಬರ್ತೀವಿ, ಬರ್ತೀವಿ, ಬರದೇ ಎಲ್ಲಿ ಹೋಗ್ತೀವಿ?" ಅನ್ನೋರು ಇವರು.

ಮೊದಲ ಎರಡು ತಿಂಗಳು ಒಂಬತ್ತನೇ ದಾರಿ ಹಸಿರಾಗೇ ಇತ್ತು. ನನಗೆ ಎಷ್ಟು ಸಂತೋಷ ಅಂತೀರಿ! ಆಮೇಲೆ ಒಂದಿನ ಹೆಜ್ಜೆಗಳ ಹೊತ್ತು ನೋಡಿದೆ. ಎಲ್ಲವೂ ಬೆಳಿಗ್ಗೆ ಆರರಿಂದ ಆರೂಕಾಲರ ಒಳಗೆ. ಸರಿಯಾಗಿ ಹತ್ತು ಸಲ, ಹೋಗೋದು ಐದು, ಬರೋದು ಐದು. ಮರುದಿನ ಬೇಗ ಎದ್ದು ಜಗಲಿಯಿಂದ ನೋಡಿದರೆ ಸಿಸ್ಟರ್. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯಿಂದ ಮನೆಗೆ, ಮನೆಯಿಂದ ಕಟ್ಟೆಗೆ. ಮೊಣಕಾಲು ನೋವಿಗೆ ಒಂದು ಕಡೆ ವಾಲುತ್ತಿದ್ದರು.

"ಏನ್ ಸಿಸ್ಟರ್, ವಾಕಿಂಗಾ?" ಅಂತ ಕೂಗಿದೆ.

"ಹೂಂ ಮೇಡಂ. ಶುಗರ್ ಸ್ವಲ್ಪ ಜಾಸ್ತಿ ಅಂದ್ರು."

ಅವರಿಗೆ ಶುಗರ್ ಗಿಗರ್ ಏನೂ ಇರಲಿಲ್ಲ. ತಮ್ಮ ಮನೆಗೆ ತಾವೇ ನೆಂಟರಾಗಿ ಬಂದು ಹೋಗ್ತಿದ್ದರು. ನನಗೆ ಸಂಕಟವಾಯಿತು. ಒಳಗೆ ಬಂದು ಅಮ್ಮನಿಗೆ ಹೇಳಿದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. "ಸಂಕಟ ಆದ್ರೆ ಹೋಗಿ ಕೂತ್ಕೊಂಡು ಬಾರೇ," ಅಂದಳು.

"ನೀನೂ ಬಾ."

"ನಾನು ಬರಲ್ಲಮ್ಮ. ನಮ್ಮ ಕಾಲದೋರಿಗೆ ಅದೆಲ್ಲ ಆಗಿಬರಲ್ಲ. ಆಯಮ್ಮ ಒಳ್ಳೇರು, ದೇವರಂಥೋರು, ಆದ್ರೂ ನನಗೆ ಆಗಲ್ಲ."

ಅವತ್ತು ಅಮ್ಮನಿಗೆ ಹೇಳಬಾರದ್ದೆಲ್ಲ ಹೇಳಿದೆ. ಯಾವ ಕಾಲದಲ್ಲಿದ್ದೀಯ, ನಾಚಿಕೆಯಾಗಲ್ವಾ, ಗಾಯಕ್ಕೆ ಆ ಕೈ ಬೇಕು, ಮನೆಗೆ ಹೋಗೋಕೆ ಮಾತ್ರ ಕಾಲು ಬರಲ್ವಾ ಅಂತ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಏಳುತ್ತಾ, "ನಾನು ಹೋಗಲ್ಲ ಅಂತೀನಿ, ಹೋಗಲ್ಲ. ನೀನು ಹೋಗ್ತೀನಿ ಅಂತೀಯ, ನೀನೂ ಹೋಗಲ್ಲ. ಇಬ್ಬರಲ್ಲಿ ಯಾರು ವಾಸಿ ಹೇಳು ನೋಡೋಣ?" ಅಂದಳು. ನಾನು ಬಾಗಿಲು ದಡಾರಂತ ಹಾಕಿಕೊಂಡು ಕೆಲಸಕ್ಕೆ ಹೋದೆ. ಭಾನುವಾರ ಸಿಸ್ಟರ್ ಮನೆಗೆ ಹೋಗೋದು ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. ಆ ಭಾನುವಾರ ಏನೋ ಕೆಲಸ ಬಂತು.

ಮಾರನೇ ತಿಂಗಳು ಸಿಸ್ಟರ್ ಮೊಣಕಾಲು ಪೂರ್ತಿ ಕೈಕೊಟ್ಟಿತು. ಬೆಳಗಿನ ಓಡಾಟ ನಿಂತಿತು. ಪರದೆಯ ಮೇಲೆ ಒಂಬತ್ತನೇ ದಾರಿ ಸೊನ್ನೆ. ಮಾರನೇ ದಿನವೂ ಸೊನ್ನೆ. ಒಂಬತ್ತನೇ ದಿನಕ್ಕೆ ಹಳದಿಗೆ ತಿರುಗಿತು, ಹುಲ್ಲು ಗೇಣುದ್ದ ಎದ್ದಿತ್ತು. ಅದೇ ಹೊತ್ತಿಗೆ ಕಂಪನಿಯಿಂದ ಫೋನು: ಮುಂದಿನ ವಾರ ದೊಡ್ಡವರು ನೋಡೋಕೆ ಬರ್ತಾರೆ, ನಲವತ್ತು ಮನೆಯ ಇನ್ನೊಂದು ಬಡಾವಣೆಗೆ ಇದೇ ಮಾದರಿ, ಹನ್ನೆರಡೂ ದಾರಿ ತೆರೆದಿರಬೇಕು ಮೇಡಂ.

ನಾನು ಏನು ಮಾಡಿದೆ ಅಂತ ಬಣ್ಣ ಬಳಿಯದೆ ಹೇಳ್ತೀನಿ. ಕಂಟ್ರೋಲ್ ರೂಮಿನಲ್ಲಿ ಕುರ್ಚಿಯ ಮೇಲೆ ಕೂತು, ಒಂಬತ್ತನೇ ದಾರಿಯ ಮೋಟಾರುಗಳನ್ನು ಹಾಕಿದೆ. ದಿನಕ್ಕೆ ಇಪ್ಪತ್ತು ಸಲ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ಕಂಪನಿಗೋಸ್ಕರ ಅಲ್ಲ, ಸಿಸ್ಟರ್ ಮನಸ್ಸು ನೋಯಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ದಿನದಲ್ಲಿ ಹುಲ್ಲು ತಗ್ಗಿತು. ಪರದೆ ಹಸಿರಾಯಿತು. ಕಿಟಕಿಯಿಂದ ನೋಡಿದರೆ ಒಂಬತ್ತನೇ ಮನೆಯ ಜಗಲಿ ನೇರವಾಗಿ ಕಾಣುತ್ತಿತ್ತು. ಸಿಸ್ಟರ್ ಕಾಲು ಚಾಚಿಕೊಂಡು ಒಬ್ಬರೇ ಕೂತಿರುತ್ತಿದ್ದರು. ನನಗೆ ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ.

ತಿಪ್ಪೇಸ್ವಾಮಿಗೆ ಫೋನಿನಲ್ಲಿ ಹೇಳಿದಾಗ, "ನಿಮ್ಮ ಕೋಣೆಯಿಂದ ಆ ಮನೆ ತುಂಬ ದೂರನಾ ಮೇಡಂ?" ಅಂದರು. ಸಿಗ್ನಲ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ.

ದೊಡ್ಡವರು ಬಂದರು, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದು ವಾಹ್ ಅಂದರು, ಹೋದರು. ಸಿಸ್ಟರ್ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಶಿರಾದಲ್ಲಿ ತಂಗಿ ಮನೆಗೆ ಹೋದರು. ಮನೆಗೆ ಬೀಗ. ನಾನು ಮೋಟಾರು ಆಫ್ ಮಾಡಲಿಲ್ಲ. ಇಪ್ಪತ್ತೊಂದು ದಿನ ಮೀರಿಬಿಟ್ಟರೆ ಅವರು ಬಂದಾಗ ಬೇಲಿ ಎದ್ದಿರುತ್ತಲ್ಲ ಅಂತ.

ಒಂದು ತಿಂಗಳಾದ ಮೇಲೆ ಅವರು ವಾಪಸು ಬಂದ ದಿನ ನಾನು ಕಟ್ಟೆಯ ಹತ್ತಿರವೇ ಇದ್ದೆ. ಊರುಗೋಲು ಹಿಡಿದು ಜಗಲಿಗೆ ಬಂದು ನಿಂತರು. ದಾರಿ ನೋಡಿದರು. ಅಷ್ಟು ದಿನ ಕಾಲಿಡದ ದಾರಿ, ಹಾಸಿದ ಹಾಗೆ ಮಟ್ಟಸವಾಗಿತ್ತು. ಅವರ ಮುಖ ಅರಳಿದ್ದು ನಲವತ್ತು ಹೆಜ್ಜೆ ದೂರದಿಂದಲೇ ಕಾಣಿಸಿತು.

"ಮೇಡಂ!" ಅಂತ ಕೂಗಿದರು. "ನೋಡಿದ್ರಾ? ನಾನಿಲ್ಲದಿದ್ದಾಗ ಎಷ್ಟು ಜನ ಬಂದು ವಿಚಾರಿಸ್ಕೊಂಡು ಹೋಗಿದ್ದಾರೆ!"

ನಾನು ನಕ್ಕೆ. ಬೇರೆ ಏನು ಮಾಡಲಿ ಹೇಳಿ.

ಆಮೇಲೆ ಎರಡು ದಿನ ಆ ಮನೆಯಿಂದ ಬೆಲ್ಲದ ಪಾಕದ ವಾಸನೆ. ಮೂರನೇ ದಿನ ಊರುಗೋಲು ಊರಿಕೊಂಡು ಮನೆಮನೆಗೂ ಕಜ್ಜಾಯ ಹಂಚಿದರು. "ಬಂದಿದ್ರಂತೆ, ನಾನು ಇರಲಿಲ್ಲ, ತಪ್ಪು ತಿಳ್ಕೋಬೇಡಿ," ಅಂದರು. ಇಲ್ಲ ಸಿಸ್ಟರ್, ನಾವು ಬಂದಿರಲಿಲ್ಲ ಅಂತ ಒಬ್ಬರಾದರೂ ಬಾಯಿ ಬಿಡಬೇಕಿತ್ತಾ ಬೇಡವಾ? "ಹೂಂ ಸಿಸ್ಟರ್, ಬಂದಿದ್ವಿ, ಬೀಗ ಹಾಕಿತ್ತು," ಅಂದರು ಉಮಾಪತಿ. "ನಾನಂತೂ ಎರಡು ಸಲ ಬಂದಿದ್ದೆ," ಅಂದಳು ವಾರಿಜ. ಹನ್ನೊಂದು ಮನೆಯವರೂ ಬಂದಿದ್ದರು! ಸಂಜೆ ತೋಟದ ಗೊಬ್ಬರದ ಗುಂಡಿ ನೋಡೋಕೆ ಹೋದರೆ ಹಸಿಕಸದ ಮೇಲೆ ಕಜ್ಜಾಯ ಬಿದ್ದಿದ್ದವು, ಎಣ್ಣೆಕಾಗದ ಸಮೇತ. ಅಮ್ಮ ನಮ್ಮದನ್ನು ಕೆಲಸದವಳಿಗೆ ಕೊಟ್ಟಿದ್ದಳು. ಎರಡು ತಿನ್ನೋಣ ಅಂತ ನಾನು ಎತ್ತಿಟ್ಟುಕೊಂಡಿದ್ದೆ. ಮರೆತು ಹೋಯಿತು, ಇರುವೆ ಮುತ್ತಿಕೊಂಡವು.

ಮಾರನೇ ದಿನ ಮಧ್ಯಾಹ್ನ ಸಿಸ್ಟರ್ ಕಂಟ್ರೋಲ್ ರೂಮಿಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು.

"ಎಲ್ಲರೂ ಬಂದಿದ್ವಿ ಅಂತಾರೆ ಮೇಡಂ. ಯಾರು ಹೆಚ್ಚು ಸಲ ಬಂದಿದ್ರು ಅಂತ ಗೊತ್ತಾದ್ರೆ ಅವರ ಮನೆಗೆ ನಾನು ಮೊದಲು ಹೋಗ್ಬೇಕು. ನಿಮ್ಮ ಯಂತ್ರದಲ್ಲಿ ಕಾಣುತ್ತಂತಲ್ಲ?"

"ಹೆಸರು ಕಾಣಲ್ಲ ಸಿಸ್ಟರ್. ಬರೀ ಹೆಜ್ಜೆ."

"ಹೆಜ್ಜೇನೇ ತೋರಿಸಿ. ನೋಡೋಣ."

ಬೇಡ ಅನ್ನೋಕೆ ಕಾರಣ ಹುಡುಕಿದೆ, ಸಿಗಲಿಲ್ಲ. ಬೇರೆ ದಾರಿಗಳದ್ದು ಮೊದಲು ತೋರಿಸಿದೆ. ಹೆಜ್ಜೆಗೊಂದು ಗೆರೆ ಏಳುತ್ತಿತ್ತು, ಉದ್ದ ಗಿಡ್ಡ, ಹತ್ತಿರ ದೂರ. ಆಮೇಲೆ ಒಂಬತ್ತನೆಯದು. ಅವರು ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿದರು. ಮೂವತ್ನಾಲ್ಕು ವರ್ಷ ರೋಗಿಗಳ ತಲೆದೆಸೆಯಲ್ಲಿ ಇಂಥ ಗೆರೆಗಳನ್ನೇ ನೋಡಿಕೊಂಡು ಬಂದ ಕಣ್ಣು ಅವು. ಅದು ನನ್ನ ಮಂಕು ತಲೆಗೆ ಹೊಳೆದಿರಲಿಲ್ಲ.

"ಮೇಡಂ," ಅಂದರು, ದನಿ ತಣ್ಣಗಿತ್ತು. "ಇದು ಮನುಷ್ಯರ ನಡಿಗೆ ಅಲ್ಲ."

ನಾನು ಪರದೆ ಬದಲಿಸೋಕೆ ಹೋದೆ.

"ಎದೆಬಡಿತ ಇಷ್ಟು ಸಮ ಬಂದ್ರೆ ನಾವು ರೋಗಿ ಎದೆ ಮುಟ್ಟಿ ನೋಡ್ತೀವಿ, ಒಳಗೆ ಪೇಸ್‌ಮೇಕರ್ ಕೂರಿಸಿದ್ದಾರಾ ಅಂತ. ಯಾವ ಮನುಷ್ಯಾನೂ ಹಿಂಗೆ ನಡೆಯಲ್ಲ. ಏನಿದು?"

ಹೇಳಿದೆ. ಎಲ್ಲ ಹೇಳಿದೆ. ಕಂಪನಿಯವರ ಫೋನು, ಸಿಸ್ಟರ್ ಮೊಣಕಾಲು, ನನ್ನ ಒಳ್ಳೆ ಮನಸ್ಸು. ಅವರು ಊರುಗೋಲನ್ನು ಮೇಜಿಗೆ ಒರಗಿಸಿ ಕೂತರು.

"ಎಷ್ಟು ದಿನದಿಂದ?"

"ನಲವತ್ತಾರು ದಿನ."

"ದಿನಾ ನೀವು ಇಲ್ಲಿ ಬಂದು ಕೂರ್ತಿದ್ರಿ, ಅಲ್ವಾ?"

"ಹೂಂ."

"ಇಲ್ಲಿಂದ ನಮ್ಮನೆಗೆ ಎಷ್ಟು ಹೆಜ್ಜೆ ಮೇಡಂ? ನೀವೇ ಅಲ್ವಾ ಅಳತೆ ಹಾಕಿದ್ದು?"

ಅವರು ಕಿರುಚಿದ್ದರೆ, ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು. ಅವರು ಕಿಟಕಿಯಾಚೆ ತಮ್ಮ ಜಗಲಿಯನ್ನೇ ನೋಡುತ್ತಾ ಕೂತಿದ್ದರು.

"ಹನ್ನೊಂದು ಮನೆಗೂ ಹೋಗಿ ಥ್ಯಾಂಕ್ಸ್ ಹೇಳಿ ಬಂದೆನಲ್ಲ ಮೇಡಂ," ಅಂದರು. "ಎಲ್ಲರೂ ಒಳಗೊಳಗೇ ನಕ್ಕಿರ್ತಾರೆ. ಆಫ್ ಮಾಡಿ."

"ಸಿಸ್ಟರ್, ಇಪ್ಪತ್ತೊಂದು ದಿನದಲ್ಲಿ ಬೇಲಿ ಆಗ್ಬಿಡುತ್ತೆ."

"ಆಗ್ಲಿ ಬಿಡಿ. ಇರೋದು ಕಣ್ಣಿಗೆ ಕಾಣ್ಲಿ. ನಾನೂ ಇನ್ನು ತುಳಿಯೋಕೆ ಹೋಗಲ್ಲ."

ಆಫ್ ಮಾಡಿದೆ.

ಹದಿನೈದನೇ ದಿನಕ್ಕೆ ಗಿಡ ಮೊಣಕಾಲು ಮುಟ್ಟಿತು. ಹನ್ನೊಂದು ದಾರಿ ಚೊಕ್ಕವಾಗಿದ್ದು ಒಂದೇ ಒಂದು ಎದ್ದು ನಿಂತರೆ ಕುರುಡನಿಗೂ ಕಾಣುತ್ತದೆ. ಕಟ್ಟೆಯ ಮೇಲೆ ಸಂಘದ ಸಭೆ ಸೇರಿತು. ಸಿಸ್ಟರ್ ಹಿಂದುಗಡೆ ರಸ್ತೆಯಿಂದ ಸುತ್ತು ಹಾಕಿಕೊಂಡು ಬಂದು ಕೊನೆಯಲ್ಲಿ ಕೂತರು. ಆ ಕಡೆ ಬಿಸಿಲು ಕಡಿಮೆ ಅಂದರು ಉಮಾಪತಿ. ಗೊಬ್ಬರ ಹೆಚ್ಚಾಗಿದೆ ಅಂದರು ಒಬ್ಬರು, ಬೀಜವೇ ಕಲಬೆರಕೆ ಅಂದರು ಇನ್ನೊಬ್ಬರು. ಮೋಟಾರಿನ ಸುದ್ದಿ ಹೇಗೋ ಎಲ್ಲರಿಗೂ ಗೊತ್ತಾಗಿತ್ತು.

"ಆ ಮೋಟಾರು ಹಾಕಿಬಿಡಿ ಶಾಂಭವಿ, ಪಾಪ, ಸಿಸ್ಟರ್‌ಗೆ ಬೇಜಾರಾಗುತ್ತೆ," ಅಂದಳು ವಾರಿಜ, ಸಿಸ್ಟರ್ ಎದುರಿಗೇ.

ಉಮಾಪತಿ ಕೂಡಲೇ ಠರಾವು ಬರೆದರು: ಎಲ್ಲ ನಿವಾಸಿಗಳ ಸಮಾನ ಗೌರವದ ದೃಷ್ಟಿಯಿಂದ ಒಂಬತ್ತನೇ ದಾರಿಗೆ ಶಾಶ್ವತವಾಗಿ ಮೋಟಾರು ನಡೆಸತಕ್ಕದ್ದು. ಎಲ್ಲರೂ ಕೈ ಎತ್ತಿದರು. ಎಷ್ಟು ಉತ್ಸಾಹ ಅಂತೀರಿ! ಎತ್ತಿದ ಆ ಕೈಗಳನ್ನು ಇಳಿಸಿ ಎದ್ದು ನಲವತ್ತು ಹೆಜ್ಜೆ ಹಾಕಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಹತ್ತು ಜನ ಸಾಕಾಗಿತ್ತು, ಅಲ್ಲಿ ಇಪ್ಪತ್ತಾರು ಜನ ಇದ್ದೆವು.

ಸಿಸ್ಟರ್ ಎದ್ದರು. "ನನಗೇನೂ ಬೇಜಾರಿಲ್ಲ. ಮೋಟಾರು ಹಾಕಿದ್ರೆ ಬೇಜಾರು. ಹಾಕಿದ ದಿನ ನಾನೇ ಅಗೆದು ಕಿತ್ತುಹಾಕ್ತೀನಿ. ಯಾರಾದ್ರೂ ಬಂದ್ರೆ ಟೀ ಇಡ್ತೀನಿ. ಅಷ್ಟೇ ನನಗೆ ಬರೋದು."

"ಅಯ್ಯೋ, ಖಂಡಿತ ಸಿಸ್ಟರ್, ಖಂಡಿತ!" ಅಂದರು ಎಲ್ಲರೂ.

ಕಂಪನಿಯಿಂದ ಮಾರನೇ ದಿನ ಪತ್ರ ಬಂತು. ಹೊಸ ಬಡಾವಣೆಯಲ್ಲಿ ನಲವತ್ತು ದಾರಿಗೂ ಮೋಟಾರು ಕಾಯಂ ಇರುತ್ತಂತೆ, ಗಿರಾಕಿಗಳಿಗೆ ತುಂಬ ಹಿಡಿಸಿದೆಯಂತೆ. ತಿಪ್ಪೇಸ್ವಾಮಿಗೆ ಓದಿ ಹೇಳಿದೆ. "ಹಂಗಾದ್ರೆ ನನ್ನ ಹುಲ್ಲು ಯಾಕೆ ಬೇಕಿತ್ತು ಮೇಡಂ? ಪ್ಲಾಸ್ಟಿಕ್ ಹಾಸಿಬಿಡಿ," ಅಂದವರೇ ಫೋನ್ ಇಟ್ಟರು. ಆಮೇಲೆ ಅವರು ನನ್ನ ಜೊತೆ ಕೆಲಸ ಮಾಡಲಿಲ್ಲ.

ಹದಿನಾರು, ಹದಿನೇಳು, ಹದಿನೆಂಟು. ಯಾರೂ ಹೋಗಲಿಲ್ಲ. ಇಪ್ಪತ್ತನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಾನು ಎದ್ದೆ. ಇವತ್ತು ತುಳಿದರೆ ಇನ್ನೂ ಬಾಗುತ್ತೆ, ನಾಳೆ ಆದರೆ ಇಲ್ಲ ಅಂತ ನನಗೆ ಗೊತ್ತಿತ್ತು. ಹಿಂದಿನ ಸಂಜೆಯಿಂದ ಹೊಟ್ಟೆಯೊಳಗೆ ಏನೂ ಇಳಿದಿರಲಿಲ್ಲ, ಅಮ್ಮ ಕೊಟ್ಟ ಕಾಫಿಯನ್ನೂ ಮುಟ್ಟಿರಲಿಲ್ಲ. ಅಮ್ಮ ಎಲ್ಲಿಗೆ ಅಂತ ಕೇಳಲಿಲ್ಲ.

ಕಟ್ಟೆ ದಾಟಿ ಒಂಬತ್ತನೇ ದಾರಿಗೆ ಕಾಲಿಟ್ಟೆ. ಗಿಡ ಸೊಂಟದ ಹತ್ತಿರ ಇತ್ತು. ಪಾದದ ಕೆಳಗೆ ಕಡ್ಡಿಗಳು ಕರಕರ ಅಂದವು, ಸೀರೆ ಸಿಕ್ಕಿಕೊಂಡು ಹರಿಯಿತು. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದೆ. ಹಿಂದೆ ತಿರುಗಿ ನೋಡಿದರೆ ಎಲ್ಲ ಕಿಟಕಿಗಳಲ್ಲೂ ಮುಖ. ನೋಡಲಿ ಅಂತ ಇನ್ನೂ ಜೋರಾಗಿ ತುಳಿದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹೆಮ್ಮೆಯಾಯಿತು.

ಸಿಸ್ಟರ್ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿದ್ದೇ ಮೊರ ಪಕ್ಕಕ್ಕಿಟ್ಟರು.

"ಯಾಕೆ ಬಂದ್ರಿ ಮೇಡಂ? ಗಿಡ ತುಳಿಯೋಕಾ, ನನ್ನ ನೋಡೋಕಾ?"

"ನಿಮ್ಮನ್ನ ನೋಡೋಕೇ ಸಿಸ್ಟರ್," ಅಂದೆ. ಅಳು ಬಂದುಬಿಟ್ಟಿತ್ತು. "ತಪ್ಪಾಯ್ತು. ಮೊದಲೇ ಬರಬೇಕಿತ್ತು. ದಿನಾ ಬರ್ತೀನಿ. ಒಬ್ಬಳೇ ಹತ್ತು ಸಲ ಓಡಾಡ್ತೀನಿ ಬೇಕಾದ್ರೆ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಅಂತ ಸೆರಗಿನಿಂದಲೇ ಕುರ್ಚಿ ಒರೆಸಿದರು. ಊರುಗೋಲು ಬಿಟ್ಟು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಸ್ಟೌ ಹೊತ್ತಿಸಿದ್ದು ಕೇಳಿಸಿತು, ಏಲಕ್ಕಿ ಜಜ್ಜಿದ್ದು ಕೇಳಿಸಿತು. ನಾನು ಕಣ್ಣೊರೆಸಿಕೊಂಡು ಕೂತಿದ್ದೆ, ಏನೋ ದೊಡ್ಡ ಭಾರ ಇಳಿದ ಹಾಗಿತ್ತು.

ಹೊಸ ಸ್ಟೀಲ್ ಲೋಟದಲ್ಲಿ ಟೀ ತಂದರು. ಲೋಟಕ್ಕೆ ಅಂಟಿಸಿದ್ದ ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. ನೆಂಟರಿಗೆ ಅಂತ ತಂದಿಟ್ಟು, ಒಂದು ಸಲವೂ ತೊಳೆಯುವ ಪ್ರಸಂಗ ಬಂದಿರಲಿಲ್ಲ ಅಂತ ಕಾಣುತ್ತೆ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

"ಅಯ್ಯೋ," ಅಂದಿತು ನನ್ನ ಬಾಯಿ, ನಾನು ಯೋಚನೆ ಮಾಡೋಕೆ ಮುಂಚೆಯೇ, ನಗುನಗುತ್ತಾ, "ಈಗ ತಾನೇ ಆಯ್ತು ಸಿಸ್ಟರ್."

ಚಾಚಿದ ಕೈ ಹಾಗೇ ನಿಂತಿತು. ನಾನು ಗಾಬರಿಯಾಗಿ, "ಕೊಡಿ, ಕೊಡಿ," ಅಂತ ಕೈ ನೀಡಿದೆ. ಅಷ್ಟರಲ್ಲಿ ಅವರು ಲೋಟ ಹಿಂದಕ್ಕೆ ತಗೊಂಡಿದ್ದರು.

"ಇರ್ಲಿ ಬಿಡಿ ಮೇಡಂ," ಅಂದರು. ಕೋಪ ಇರಲಿಲ್ಲ. ಮೂವತ್ನಾಲ್ಕು ವರ್ಷ ವಾರ್ಡಿನಲ್ಲಿ ಮಾತಾಡಿದ ಹಾಗೆ ಮಾತಾಡಿದರು. "ಹೋಗುವಾಗ ಹಿಂದುಗಡೆ ರಸ್ತೆಯಿಂದ ಹೋಗಿ. ಈ ಕಡೆ ಕಡ್ಡಿ ಚುಚ್ಚುತ್ತೆ."

ಒಳಗೆ ಹೋಗಿ ಟೀಯನ್ನು ಸಿಂಕಿಗೆ ಸುರಿದದ್ದು ಕೇಳಿಸಿತು. ನಾನು ಹಿಂದುಗಡೆ ರಸ್ತೆಯಿಂದ ಮನೆಗೆ ಬಂದೆ. ಮಾರನೇ ದಿನ ಕಂಟ್ರೋಲ್ ರೂಮಿನಲ್ಲಿ ಕೂತು ನೋಡಿದಾಗ ಒಂದು ಸಲದ ತುಳಿತ ಸಾಲದೆ ಒಂಬತ್ತನೇ ದಾರಿ ಕೆಂಪಾಗಿತ್ತು, ಕಿಟಕಿಯಿಂದ ಆ ಜಗಲಿ ಅರ್ಧ ಮಾತ್ರ ಕಾಣುತ್ತಿತ್ತು.